ಕಲೆಯನ್ನು ಕೊಂಡಾಡುತ್ತಾ ನೀರನ್ನು ಕೆಡಿಸುವುದೇ?

ಬೀದರಿಗೆ ಬರುವ ಪ್ರವಾಸಿಗರ ದಿನಚರಿ ಬಹುತೇಕ ಒಂದೇ ತೆರನಾದುದು. ಬೆಳಿಗ್ಗೆ ಕೋಟೆ. ಅಲ್ಲಿ ರಂಗೀನ್ ಮಹಲಿನ ಕಪ್ಪು ಕಲ್ಲಿನಲ್ಲಿ ಹೊಳೆಯುವ ಮುತ್ತಿನ ಚಿಪ್ಪಿನ ಕುಸುರಿ. ಬಳಿಕ 1472ರ ಮಹ್ಮೂದ್ ಗವಾನ್ ಮದ್ರಸ. ಮಧ್ಯಾಹ್ನ ಅಷ್ಟೂರಿನ ಗುಮ್ಮಟಗಳು. ಸಂಜೆ ಗುರುನಾನಕ ಝಿರಾ ಅಥವಾ ಎದೆಮಟ್ಟದ ನೀರಿನಲ್ಲಿ ನಡೆದು ದರ್ಶನ ಪಡೆಯುವ ನರಸಿಂಹ ಝರಣಿ. ಮರಳುವಾಗ ಕೈಯಲ್ಲೊಂದು ಬಿದರಿ ಹೂದಾನಿ. ಇವೆಲ್ಲವನ್ನೂ ಕಂಡು ಸಂತೋಷಪಡುವುದರಲ್ಲಿ ತಪ್ಪೇನೂ ಇಲ್ಲ. ಸೌಂದರ್ಯಪ್ರಜ್ಞೆ ಮನುಷ್ಯನಿಗೆ ದೊರೆತ ಅನುಗ್ರಹ. ಆದರೆ ಈ ಎಲ್ಲ ಸೌಂದರ್ಯವನ್ನು ಶತಮಾನಗಳಿಂದ ಪೊರೆದುಕೊಂಡು ಬಂದ ಒಂದು ವಸ್ತುವಿನ ಕಡೆಗೆ ನಮ್ಮ ಕಣ್ಣು ಹೊರಳುವುದೇ ಇಲ್ಲ. ಅದು ನೀರು.

ಬೀದರ್ ನಿಂತಿರುವುದು ಒಂದು ಪ್ರಸ್ಥಭೂಮಿಯ ಮೇಲೆ. ಮೇಲ್ಪದರ ಕೆಂಪು ಜಂಬಿಟ್ಟಿಗೆ ಕಲ್ಲಿನದು, ಕೆಳಗಿರುವುದು ಗಟ್ಟಿ ಕಪ್ಪು ಶಿಲೆ. ಜಂಬಿಟ್ಟಿಗೆಯಲ್ಲಿ ಜೇನುಗೂಡಿನಂತೆ ರಂಧ್ರಗಳಿರುತ್ತವೆ. ಮಳೆನೀರು ಅದರ ಮೂಲಕ ಬೇಗನೆ ಇಳಿದು, ಕೆಳಗಿನ ಜೇಡಿ ಹಾಗೂ ಕಪ್ಪು ಶಿಲೆಯ ಪದರವನ್ನು ಮುಟ್ಟಿ, ಮುಂದೆ ಇಳಿಯಲಾಗದೆ ಅಡ್ಡಲಾಗಿ ಹರಿಯುತ್ತದೆ. ಪ್ರಸ್ಥಭೂಮಿಯ ಅಂಚುಗಳಲ್ಲಿ ಅದು ಝರಿಯಾಗಿ ಹೊರಹೊಮ್ಮುತ್ತದೆ. ಸಿಖ್ಖರ ಝಿರಾ, ಹಿಂದೂಗಳ ಪಾಪನಾಶ ಮತ್ತು ಝರಣಿ ಇವೆಲ್ಲಕ್ಕೂ ಕಾರಣ ಇದೇ ಭೂರಚನೆ. ಮೇಲೆ ಆರಾಧನಾಲಯಗಳು ಬೇರೆ ಬೇರೆಯಾಗಿರಬಹುದು, ಅಡಿಯಲ್ಲಿರುವ ಒರತೆಗಳು ಮಾತ್ರ ಒಂದೇ ಕಲ್ಲಿನ ಮಕ್ಕಳು.

ಹದಿನೈದನೆಯ ಶತಮಾನದಲ್ಲಿ ಬಹಮನಿ ಅರಸರು ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ವರ್ಗಾಯಿಸಿದಾಗ ಈ ರಹಸ್ಯವನ್ನರಿತವರು ಅವರ ಬಳಿ ಇದ್ದರು. ಪರ್ಷಿಯಾದ ಕರೇಜ್ ಪದ್ಧತಿಯನ್ನು ದಖ್ಖನಿನ ಕಲ್ಲಿಗೆ ಹೊಂದಿಸಿಕೊಂಡು ನೌಬಾದ್, ಶುಕ್ಲತೀರ್ಥ ಮತ್ತು ಜಮ್ನಾ ಮೋರಿಗಳಲ್ಲಿ ಅವರು ನೆಲದಡಿಯ ನೀರುಮಾರ್ಗಗಳನ್ನು ರೂಪಿಸಿದರು. ಒರತೆಯಿರುವೆಡೆ ಒಂದು ಮೂಲಬಾವಿ, ಅಲ್ಲಿಂದ ಅತ್ಯಲ್ಪ ಇಳಿಜಾರಿನಲ್ಲಿ ಸಾಗುವ ಸುರಂಗ, ಅಲ್ಲಲ್ಲಿ ಗಾಳಿ, ಬೆಳಕು ಮತ್ತು ಹೂಳೆತ್ತುವ ಕೆಲಸಕ್ಕಾಗಿ ಲಂಬವಾದ ಬಾವಿಗಳು. ಏತ, ಕಪಿಲೆಗಳ ಹಂಗಿಲ್ಲದೆ ನೀರು ತಾನಾಗಿಯೇ ಹರಿದು ಬರುತ್ತಿತ್ತು. ಬಿಸಿಲಿಗೆ ಆವಿಯಾಗುವ ಭಯವಿರಲಿಲ್ಲ. ಗುಮ್ಮಟ ಕಟ್ಟಿದವನ ಹೆಸರು ಇತಿಹಾಸದಲ್ಲಿದೆ, ಕತ್ತಲಲ್ಲಿ ಕಲ್ಲು ಕಡಿದು ಊರಿಗೆ ನೀರು ತಂದವನ ಹೆಸರು ನಮಗೆ ಗೊತ್ತಿಲ್ಲ. ನಮ್ಮ ದೃಷ್ಟಿಯಲ್ಲಿ ಬೀದರಿನ ಮೊತ್ತಮೊದಲ ಸ್ಮಾರಕ ಆ ಅಜ್ಞಾತರ ಸುರಂಗವೇ.

ಆದರೆ ಆ ಸ್ಮಾರಕವನ್ನು ನಾವು ಹೇಗೆ ನಡೆಸಿಕೊಂಡೆವು? ಕೊಳವೆ ನೀರು ಬಂದ ಬಳಿಕ ಕರೇಜ್ ಜನರ ನೆನಪಿನಿಂದ ಮರೆಯಾಯಿತು. ಲಂಬ ಬಾವಿಗಳಲ್ಲಿ ಹಲವು ಮುಚ್ಚಿಹೋದವು, ಕೆಲವು ಕಸ ಸುರಿಯುವ ಗುಂಡಿಗಳಾದವು. 2010ರ ದಶಕದ ಮಧ್ಯದಲ್ಲಿ ಜಿಲ್ಲಾಡಳಿತವು ನೌಬಾದಿನಲ್ಲಿ ಹೂಳೆತ್ತುವ ಕೆಲಸ ಕೈಗೊಂಡಾಗ ಬೀದರಿನ ಎಷ್ಟೋ ಮಂದಿಗೆ ತಮ್ಮ ಕಾಲಡಿಯಲ್ಲಿ ಇಂಥದ್ದೊಂದು ಇದೆಯೆಂಬುದೇ ಹೊಸ ಸುದ್ದಿಯಾಗಿತ್ತು. ಜಾಗತಿಕ ಸ್ಮಾರಕ ನಿಧಿಯು 2014ರಲ್ಲಿ ಬೀದರ್ ನಗರವನ್ನೂ 2020ರಲ್ಲಿ ದಖ್ಖನಿನ ಸಾಂಪ್ರದಾಯಿಕ ಜಲವ್ಯವಸ್ಥೆಗಳನ್ನೂ ತನ್ನ ವೀಕ್ಷಣಾ ಪಟ್ಟಿಗೆ ಸೇರಿಸಿತು. ದೂರದ ದೇಶದವರು ಗುರುತಿಸಿದ ಬಳಿಕವಷ್ಟೇ ನಮ್ಮ ಸೊತ್ತಿನ ಬೆಲೆ ನಮಗೆ ತಿಳಿಯಬೇಕೇ?

ಇಲ್ಲಿ ಒಂದು ಸತ್ಯವನ್ನು ನಾವು ಅರ್ಥ ಮಾಡಿಕೊಳ್ಳಬೇಕು. ಯಾವ ಕಲ್ಲು ಮಳೆಯನ್ನು ಸಲೀಸಾಗಿ ಒಳಗೆ ಬಿಟ್ಟುಕೊಳ್ಳುತ್ತದೆಯೋ ಅದೇ ಕಲ್ಲು ಹೊಲಸನ್ನೂ ಬಿಟ್ಟುಕೊಳ್ಳುತ್ತದೆ. ದಪ್ಪ ಮಣ್ಣಿನ ಪದರವಿದ್ದಲ್ಲಿ ಕೊಳಚೆ ನಿಧಾನವಾಗಿ ಸೋಸಿ ಹೋಗುತ್ತದೆ. ಬಿರುಕು, ರಂಧ್ರಗಳ ಜಂಬಿಟ್ಟಿಗೆಯಲ್ಲಿ ಸೋಸುವುದಕ್ಕೆ ಸಮಯವೇ ಸಿಗುವುದಿಲ್ಲ. ತಳವಿಲ್ಲದ ಶೌಚಗುಂಡಿ, ಸೋರುವ ಚರಂಡಿ, ರಾಸಾಯನಿಕ ತ್ಯಾಜ್ಯ, ಹೊಲದ ಗೊಬ್ಬರ ಎಲ್ಲದರ ಸಾರವೂ ಅದೇ ದಾರಿ ಹಿಡಿಯುತ್ತದೆ. ನೀರು ತಿಳಿಯಾಗಿ, ತಣ್ಣಗೆ, ರುಚಿಯಾಗಿಯೇ ಇರಬಹುದು. ರೋಗಾಣುಗಳಿಗೆ ಬಣ್ಣವಿಲ್ಲ, ನೈಟ್ರೇಟಿಗೆ ವಾಸನೆಯಿಲ್ಲ. ಕುದಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ಅದು ಮಿತಿಮೀರಿದ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ ಹಸುಗೂಸಿನ ರಕ್ತದ ಆಮ್ಲಜನಕ ಹೊರುವ ಶಕ್ತಿಯೇ ಕುಗ್ಗಬಹುದು. ಪ್ರವಾಸಿಗನ ಚೀಲದಲ್ಲಿ ಬಾಟಲಿ ನೀರಿರುತ್ತದೆ. ಬಾವಿಯನ್ನೋ ಕೊಳವೆಬಾವಿಯನ್ನೋ ನಂಬಿರುವ ಬಡ ತಾಯಿಗೆ ಆ ಅನುಕೂಲವಿದೆಯೇ?

ಕಲೆಯನ್ನು ಪ್ರೀತಿಸುವವರೂ ತಮ್ಮನ್ನು ತಾವು ಪ್ರಶ್ನಿಸಿಕೊಳ್ಳಬೇಕಾಗಿದೆ. 2006ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ, 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ತಂದುಕೊಟ್ಟ ಬಿದರಿ ಕಲೆಯ ಜೀವಾಳವೇ ಈ ಊರಿನ ಮಣ್ಣು. ಸತು ಮತ್ತು ತಾಮ್ರದ ಎರಕದ ಮೇಲೆ ಬೆಳ್ಳಿಯನ್ನು ಕೂರಿಸಿದ ಬಳಿಕ, ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ ಹಚ್ಚಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳಗುತ್ತದೆ. ಮಳೆ ಬಿಸಿಲು ತಾಗದ ಮಣ್ಣೇ ಇದಕ್ಕೆ ಉತ್ತಮವೆಂಬುದು ಕುಶಲಕರ್ಮಿಗಳ ಅನುಭವ. ಆದರೆ ಈ ಕಸುಬಿನಲ್ಲಿ ಮೈಲುತುತ್ತದ ದ್ರಾವಣವೂ ಬಳಕೆಯಾಗುತ್ತದೆ. ಒಂದೊಂದು ಮನೆಯ ಪ್ರಮಾಣ ಅತ್ಯಲ್ಪ, ದೊಡ್ಡ ಉದ್ದಿಮೆಗಳ ತ್ಯಾಜ್ಯದೊಂದಿಗೆ ಅದನ್ನು ಹೋಲಿಸುವುದು ಅನ್ಯಾಯ. ಹಾಗಿದ್ದರೂ ತೊಳೆದ ನೀರು ಗಲ್ಲಿಯ ಚರಂಡಿಗೆ ಸೇರುವ ಬದಲು ಒಂದೆಡೆ ಸಂಗ್ರಹವಾಗಿ ಸಂಸ್ಕರಣಗೊಳ್ಳಲು ಸರಕಾರ ವ್ಯವಸ್ಥೆ ಮಾಡಿಕೊಟ್ಟರೆ ಮೊದಲ ಲಾಭ ಆ ಬಡ ಕುಶಲಕರ್ಮಿಯ ಮಕ್ಕಳಿಗೇ. ಕಲಾವಿದನಿಗೆ ಪ್ರಶಸ್ತಿ ಕೊಟ್ಟು ಅವನ ಗಲ್ಲಿಯ ಚರಂಡಿಯನ್ನು ಮರೆಯುವುದು ಗೌರವವಲ್ಲ.

ಇನ್ನು ಭಕ್ತಿಯ ಮಾತು. ಅಷ್ಟೂರಿನಲ್ಲಿ ಅಹ್ಮದ್ ಷಾ ವಲಿಯ ಉರೂಸಿಗೆ ಮುಸ್ಲಿಮರೂ ಬರುತ್ತಾರೆ, ಆತನನ್ನು ಅಲ್ಲಮಪ್ರಭುವಿನ ರೂಪವೆಂದು ನಂಬುವ ಲಿಂಗಾಯತರೂ ಬರುತ್ತಾರೆ. ಸೌಹಾರ್ದಕ್ಕೆ ಇದಕ್ಕಿಂತ ಸುಂದರ ಉದಾಹರಣೆ ಬೇಕಿಲ್ಲ. ಆದರೆ ಉರೂಸ್, ಜಾತ್ರೆ, ಮೇಳಗಳು ಮುಗಿದ ಮರುದಿನ ಪ್ಲಾಸ್ಟಿಕ್ ಲೋಟ, ಎಲೆ, ಅನ್ನದ ರಾಶಿ ಯಾವ ಹಳ್ಳಕ್ಕೆ ಸೇರುತ್ತದೆಂದು ಯಾವ ಸಮಿತಿ ಕೇಳುತ್ತದೆ? ನಿಂತ ನೀರಿನಲ್ಲಿ ಮೂತ್ರ ವಿಸರ್ಜಿಸುವುದನ್ನು ಪ್ರವಾದಿ(ಸ)ಯವರು ನಿಷೇಧಿಸಿರುವರು. ಝಿರಾದ ನೀರು ಸಿಖ್ಖರಿಗೆ ಅಮೃತ. ಝರಣಿಯಲ್ಲಿ ನೀರೇ ದೇವಸನ್ನಿಧಿಗೆ ದಾರಿ. ಎಲ್ಲರೂ ನೀರನ್ನು ಪವಿತ್ರವೆನ್ನುತ್ತೇವೆ, ಎಲ್ಲರೂ ಸೇರಿಯೇ ಅದನ್ನು ಕೆಡಿಸುತ್ತೇವೆ. ಪಾವಿತ್ರ್ಯದ ಘೋಷಣೆಯಿಂದ ನೀರು ಶುದ್ಧವಾಗುವುದಿಲ್ಲ. ಈ ವಿಷಯದಲ್ಲಿ ಅನ್ಯರತ್ತ ಬೆರಳು ತೋರಿಸುವ ಮುನ್ನ ನಮ್ಮ ಮಸೀದಿ, ದರ್ಗಾ, ಮದುವೆ ಮಂಟಪಗಳ ಹಿತ್ತಿಲನ್ನು ನಾವು ನೋಡಿಕೊಳ್ಳುವುದು ಲೇಸು.

ಹೀಗೆಂದಾಕ್ಷಣ ಪ್ರವಾಸೋದ್ಯಮ ಬೇಡವೇ, ಅದನ್ನೇ ನಂಬಿದವರ ಗತಿಯೇನು ಎಂಬ ಪ್ರಶ್ನೆ ಏಳುತ್ತದೆ. ಪ್ರವಾಸಿಗರು ಧಾರಾಳವಾಗಿ ಬರಲಿ. ಅವರು ಬರದಿದ್ದರೆ ಬಿದರಿಯ ಸುತ್ತಿಗೆಯೂ ಮೌನವಾದೀತು. ಆದರೆ ಶೌಚಾಲಯವಿಲ್ಲದ ಪ್ರವಾಸಿತಾಣ, ಸಂಸ್ಕರಣವಿಲ್ಲದ ಹೋಟೆಲು, ಝರಿಯ ಮೇಲ್ಭಾಗದಲ್ಲಿ ಬಡಾವಣೆ ಇವು ಅಭಿವೃದ್ಧಿಯಲ್ಲ. ಕರೇಜಿನ ಮಾರ್ಗವನ್ನು ನಕ್ಷೆಯಲ್ಲಿ ಗುರುತಿಸಿ ಅದರ ಇಕ್ಕೆಲಗಳಲ್ಲಿ ಶೌಚಗುಂಡಿ ಮತ್ತು ಕೊಳವೆಬಾವಿಗಳನ್ನು ತಡೆಯಬೇಕು. ಜಂಬಿಟ್ಟಿಗೆಯನ್ನು ಸೀಳಿ ಕಪ್ಪು ಶಿಲೆಗಿಳಿಯುವ ಕೊಳವೆಬಾವಿ ಒರತೆಯ ಬುಡವನ್ನೇ ಬತ್ತಿಸಬಲ್ಲದು. ಝರಿ, ಬಾವಿಗಳ ನೀರನ್ನು ಮಳೆಗಾಲದ ಮುಂಚೆ ಮತ್ತು ನಂತರ ಪರೀಕ್ಷಿಸಿ, ಫಲಿತಾಂಶವನ್ನು ಅಲ್ಲಿಯೇ ಕನ್ನಡ ಮತ್ತು ಉರ್ದುವಿನಲ್ಲಿ ಬರೆದು ತೂಗುಹಾಕಬೇಕು. ಸ್ಮಾರಕದ ಇತಿಹಾಸ ಹೇಳುವ ಫಲಕದ ಪಕ್ಕದಲ್ಲಿ ನೀರಿನ ಆರೋಗ್ಯ ಹೇಳುವ ಫಲಕವೊಂದಿರಲು ಅಡ್ಡಿಯೇನು?

ಇದು ಕೇವಲ ಬೀದರಿನ ಮನೆವಾರ್ತೆಯೂ ಅಲ್ಲ. ಈ ನಾಡಿನ ಹಳ್ಳತೊರೆಗಳು ಮಾಂಜ್ರಾ ನದಿಯನ್ನು ಸೇರುತ್ತವೆ. ಮಾಂಜ್ರಾ ಗಡಿ ದಾಟಿ ತೆಲಂಗಾಣದ ಸಿಂಗೂರು ಜಲಾಶಯಕ್ಕೆ, ಅಲ್ಲಿಂದ ಹೈದರಾಬಾದಿನ ನಲ್ಲಿಗಳಿಗೆ ತಲುಪುತ್ತದೆ. ನಾವಿಲ್ಲಿ ಚೆಲ್ಲಿದ್ದು ನಾವೆಂದೂ ಕಾಣದ ಯಾರದೋ ಮನೆಯ ಮಗುವಿನ ಲೋಟಕ್ಕೆ ಹೋಗಿ ಬೀಳುತ್ತದೆ.

ಆರುನೂರು ವರ್ಷಗಳ ಹಿಂದೆ ಸುರಂಗ ಕಡಿದವರೂ ಹಾಗೆಯೇ, ತಾವೆಂದೂ ಕಾಣಲಾರದ ನಮಗಾಗಿ ನೀರನ್ನು ಹರಿಯಬಿಟ್ಟು ಹೋದರು. ಮುಂದಿನವರಿಗೆ ನಾವೇನನ್ನು ಹರಿಯಬಿಡುತ್ತೇವೆ? ಗುಮ್ಮಟದ ಬಣ್ಣ ಮಾಸಿದರೆ ಮತ್ತೆ ಬಳಿಯಬಹುದು, ಬಿದರಿಯ ಕಪ್ಪು ಮಂಕಾದರೆ ಎಣ್ಣೆ ಹಚ್ಚಿ ಉಜ್ಜಬಹುದು. ಕಲ್ಲಿನೊಳಗೆ ಕೆಟ್ಟ ನೀರನ್ನು ತೊಳೆಯುವ ಕುಶಲಕರ್ಮಿ ಮಾತ್ರ ಯಾವ ಗಲ್ಲಿಯಲ್ಲೂ ಸಿಗುವುದಿಲ್ಲ.