ಮಕ್ಕಳಿಗೆ ಹಣೆಪಟ್ಟಿ ಬೇಡ, ಕಿವಿಗೊಡುವ ಶಿಕ್ಷಕ ಬೇಕು

ಪೀಣ್ಯ ಕೈಗಾರಿಕಾ ಪ್ರದೇಶದ ಮಗ್ಗುಲಲ್ಲಿರುವ ಲಗ್ಗೆರೆಯಂತಹ ಬಡಾವಣೆಗಳಲ್ಲಿ ಕಾರ್ಖಾನೆ, ಗಾರ್ಮೆಂಟ್ಸ್, ಆಟೋಗಳ ದುಡಿಮೆಯಿಂದ ಬದುಕುವ ಹೆತ್ತವರು ಹೊಟ್ಟೆಬಟ್ಟೆ ಕಟ್ಟಿ ಮಕ್ಕಳನ್ನು ಓದಿಸುತ್ತಾರೆ. 2020ರಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದ ಬಳಿಕ ಆನ್‌ಲೈನ್ ಟ್ಯೂಷನ್ ಕೂಡ ಅನೇಕ ಮನೆಗಳ ಖರ್ಚಿನ ಪಟ್ಟಿಗೆ ಸೇರಿತು. 'ನಿಮ್ಮ ಮಗುವಿನ ಕಲಿಕಾ ಶೈಲಿಗೆ ತಕ್ಕ ಪಾಠ' ಎಂಬುದು ಈ ಮಾರುಕಟ್ಟೆಯ ದೊಡ್ಡ ಆಕರ್ಷಣೆ. ಈ ಭರವಸೆಯಲ್ಲಿ ಹುರುಳೆಷ್ಟಿದೆ ಎಂಬುದನ್ನು ಹಣ ಕಟ್ಟುವ ಮೊದಲೇ ಪರಿಶೀಲಿಸಬೇಕೆಂದು ನಾವು ಭಾವಿಸುತ್ತೇವೆ.

ನೋಡಿ ಕಲಿಯುವವರು, ಕೇಳಿ ಕಲಿಯುವವರು, ಓದಿ ಬರೆದು ಕಲಿಯುವವರು, ಮಾಡಿ ಕಲಿಯುವವರು ಎಂಬ ವಿಂಗಡಣೆಯನ್ನು 1992ರಲ್ಲಿ ಪ್ರಚಾರಕ್ಕೆ ತಂದವರು ನ್ಯೂಝಿಲೆಂಡಿನ ನೀಲ್ ಫ್ಲೆಮಿಂಗ್. ಆದರೆ 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಹಾಗೂ ಇತರ ಮೂವರು ಅಮೆರಿಕನ್ ಮನಶ್ಶಾಸ್ತ್ರಜ್ಞರು ಅದುವರೆಗಿನ ಸಂಶೋಧನೆಗಳನ್ನು ಪರಿಶೀಲಿಸಿ, ಶೈಲಿಗೆ ಹೊಂದಿಸಿ ಕಲಿಸಿದರೆ ಕಲಿಕೆ ಹೆಚ್ಚುತ್ತದೆ ಎನ್ನಲು ಸಾಕಷ್ಟು ಪುರಾವೆಯಿಲ್ಲವೆಂದು ತೀರ್ಮಾನಿಸಿದರು. ಮಕ್ಕಳಿಗೆ ಇಷ್ಟಾನಿಷ್ಟಗಳಿರುವುದು ನಿಜ. ಆದರೆ ಯಾವ ಮಗುವಾದರೂ ಭೂಪಟವನ್ನು ನೋಡಿಯೇ, ಉಚ್ಚಾರವನ್ನು ಕೇಳಿಯೇ, ಲೆಕ್ಕವನ್ನು ಮಾಡಿಯೇ ಕಲಿಯಬೇಕು.

ಹಾಗಾದರೆ ಎಲ್ಲ ಮಕ್ಕಳಿಗೂ ಒಂದೇ ಅಳತೆಯ ಪಾಠ ಸಾಕೇ? ಖಂಡಿತ ಸಾಲದು. ಮಗು ಈಗ ಎಲ್ಲಿ ನಿಂತಿದೆ ಎಂಬುದೇ ಇಲ್ಲಿ ಮುಖ್ಯ. ಏಳನೆಯ ತರಗತಿಯ ವಿದ್ಯಾರ್ಥಿಗೆ ಭಾಗಾಕಾರವೇ ಬಾರದಿದ್ದರೆ ಬೀಜಗಣಿತದ ಬಣ್ಣಬಣ್ಣದ ವೀಡಿಯೋದಿಂದ ಏನು ಪ್ರಯೋಜನ? ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್ ಇರುವ ಮಗುವಿಗೆ ಲೆಕ್ಕಕ್ಕಿಂತ ಪ್ರಶ್ನೆಯ ಭಾಷೆಯೇ ತೊಡಕಾಗಬಹುದು. ಇದನ್ನು ಗುರುತಿಸಿ, ಒಂದು ಹೆಜ್ಜೆ ಹಿಂದೆ ಹೋಗಿ, ಮಗುವಿಗೆ ತಿಳಿಯುವ ಮಾತಿನಲ್ಲಿ ವಿವರಿಸುವವನೇ ನಿಜವಾದ ಶಿಕ್ಷಕ.

ನಮ್ಮ ರಾಜ್ಯಕ್ಕೆ ಇದು ಹೊಸತಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಸರಕಾರಿ ಶಾಲೆಗಳಲ್ಲಿ ಆರಂಭವಾದ 'ನಲಿ ಕಲಿ' ಪದ್ಧತಿಯು ಪಾಠವನ್ನು ಸಣ್ಣ ಮೆಟ್ಟಿಲುಗಳಾಗಿ ಒಡೆದು, ಪ್ರತಿ ಮಗುವೂ ತನ್ನದೇ ವೇಗದಲ್ಲಿ ಏರಲು ಅವಕಾಶ ನೀಡಿತು. ಅದಕ್ಕೆ ಮೊಬೈಲೂ ಬೇಕಾಗಲಿಲ್ಲ, ಸಾಲವೂ ಬೇಕಾಗಲಿಲ್ಲ.

ಇನ್ನು ಮಾರುಕಟ್ಟೆಯ ಭರವಸೆಗಳು ಎಷ್ಟು ಕಾಲ ಬಾಳುತ್ತವೆ ಎಂಬುದನ್ನೂ ನೋಡಬೇಕು. 2015ರಲ್ಲಿ ಆ್ಯಪ್ ಹೊರತಂದ ಬೆಂಗಳೂರಿನ ಬೈಜೂಸ್, ವಿದ್ಯಾರ್ಥಿಗೆ ತಕ್ಕ ಕಲಿಕೆಯ ಮಾತನ್ನು ಮುಂದಿಟ್ಟು ಬೆಳೆದ ಸಂಸ್ಥೆ. 2024ರ ಜುಲೈಯಲ್ಲಿ ರಾಷ್ಟ್ರೀಯ ಕಂಪೆನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠವು ಅದರ ವಿರುದ್ಧ ದಿವಾಳಿ ಪ್ರಕ್ರಿಯೆಗೆ ಆದೇಶಿಸಿತು. ಆದುದರಿಂದ ಎರಡು ಮೂರು ವರ್ಷಗಳ ಶುಲ್ಕವನ್ನು ಒಮ್ಮೆಗೇ ಕಟ್ಟುವುದು, ಅದಕ್ಕಾಗಿ ಕಂತಿನ ಸಾಲಕ್ಕೆ ಸಹಿ ಹಾಕುವುದು ವಿವೇಕವಲ್ಲ. ತಿಂಗಳ ಲೆಕ್ಕದಲ್ಲಿ ಕಟ್ಟಿರಿ. ಒಂದು ತರಗತಿಯಲ್ಲಿ ಎಷ್ಟು ಮಕ್ಕಳು? ಮಗುವಿಗೆ ಪ್ರಶ್ನಿಸಲು ಅವಕಾಶವಿದೆಯೇ? ಮೊದಲು ಮಗುವಿನ ಮಟ್ಟವನ್ನು ಪರೀಕ್ಷಿಸುತ್ತಾರೆಯೇ? ನಡುವೆ ಬಿಟ್ಟರೆ ಹಣ ಹಿಂದಿರುಗುತ್ತದೆಯೇ? ಉತ್ತರವನ್ನು ಬರಹದಲ್ಲಿ ಪಡೆಯಿರಿ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಿರಿ.

ಇದರ ಜೊತೆಗೆ ನಮ್ಮ ಮೊಹಲ್ಲಾಗಳ ಹೊಣೆಯೂ ಇದೆ. ಕಾಲೇಜು ಮುಗಿಸಿದ ನಮ್ಮ ಯುವಕ ಯುವತಿಯರು ಸಂಜೆಯ ಒಂದು ಗಂಟೆಯನ್ನು ಐದಾರು ಮಕ್ಕಳಿಗೆ ಮೀಸಲಿಟ್ಟರೆ ಸಾಕು. ಅವರಿಗೆ ಆ ಮಕ್ಕಳ ಹೆಸರು ಗೊತ್ತು, ಭಾಷೆ ಗೊತ್ತು, ಮನೆಯ ಪರಿಸ್ಥಿತಿಯೂ ಗೊತ್ತು. ಯಾವ ಆ್ಯಪ್‌ಗೆ ಇಷ್ಟೆಲ್ಲ ತಿಳಿದಿದೆ?