ಎತ್ತಿನ ಹಲ್ಲು, ಕಾರಿನ ಕಾಗದ

ಕೊಳ್ಳುವುದರಲ್ಲಿ ಎರಡು ಬಗೆಯುಂಟು. ಬೆಲೆ ಬರೆದಿಟ್ಟ ಹೊಸ ವಸ್ತುವನ್ನು ಹಣ ಕೊಟ್ಟು ತರುವುದು ಒಂದು. ಮತ್ತೊಬ್ಬರು ಬಳಸಿ ಬಿಟ್ಟುದನ್ನು ಪರೀಕ್ಷಿಸಿ, ಚೌಕಾಶಿ ಮಾಡಿ, ಅದರ ಗುಣದೋಷಗಳೊಡನೆ ಮನೆಗೆ ಕರೆತರುವುದು ಇನ್ನೊಂದು. ಮೊದಲನೆಯದಕ್ಕೆ ಹಣವಿದ್ದರೆ ಸಾಕು. ಎರಡನೆಯದಕ್ಕೆ ಕಣ್ಣು ಬೇಕು, ಕಿವಿ ಬೇಕು, ಎಲ್ಲಕ್ಕಿಂತ ಮಿಗಿಲಾಗಿ ತಾಳ್ಮೆ ಬೇಕು. ಸಂತೆಯ ಎತ್ತು ಈ ಎರಡನೆಯ ಜಾತಿಗೆ ಸೇರಿದುದು. ವ್ಯಾಪಾರಿಯ ಅಂಗಳದಲ್ಲಿ ಮೈತೊಳೆದುಕೊಂಡು ನಿಂತಿರುವ ಹಳೆಯ ಕಾರೂ ಅದೇ ಜಾತಿಯದು.

ನಮ್ಮ ಸೋದರಮಾವನವರು ದೇವರಗುಡ್ಡದವರು. ರಾಣೆಬೆನ್ನೂರು ತಾಲೂಕಿನ ಆ ಊರಿನಲ್ಲಿ ಮಾಲತೇಶ ಸ್ವಾಮಿಯ ಸನ್ನಿಧಿ. ಸುತ್ತಲೂ ಹತ್ತಿ, ಮೆಕ್ಕೆಜೋಳಗಳ ಹೊಲಗಳು. ಮಾವನವರಿಗೆ ಈಗ ಎಪ್ಪತ್ತರ ಅಂಚು. ಅತ್ತೆಯವರಿಗೆ ಮಂಡಿನೋವು, ಬಸ್ಸಿನ ಮೆಟ್ಟಿಲು ಅವರ ಪಾಲಿಗೆ ಬೆಟ್ಟವಾಗಿದೆ. ಆಸ್ಪತ್ರೆಗೆಂದು ದಾವಣಗೆರೆಗೆ, ಮಗಳ ಮನೆಗೆಂದು ಹುಬ್ಬಳ್ಳಿಗೆ ಹೋಗಿಬರಲು ಒಂದು ಸಣ್ಣ ಕಾರು ಬೇಕೆಂದೂ, ಹೊಸದಕ್ಕೆ ಕೈ ಸಾಲದೆಂದೂ, ಕೂಡಿಟ್ಟ ಮೂರು ಲಕ್ಷ ರೂಪಾಯಿಗಳಲ್ಲಿ ಹಳೆಯದೊಂದನ್ನು ನೋಡಬೇಕೆಂದೂ ಅವರು ನಿಶ್ಚಯಿಸಿದ್ದಾರೆ. ಜೊತೆಗೆ ಬರಲು ನನಗೆ ಅಪ್ಪಣೆಯಾಗಿದೆ. “ನನಗ ಕಾರಿಂದೇನ ತಿಳೀತದೋ ತಮ್ಮಾ, ನೀನ ನೋಡು” ಎಂಬುದು ಅವರ ಮಾತು.

ಈ ಮಾತನ್ನು ನಾನು ಒಪ್ಪಲಾರೆ. ಇಂದು ನಮ್ಮ ಮನೆಮನೆಗಳಲ್ಲಿಯೂ ಹಿರಿಯರು ಹೀಗೆ ಹೇಳುತ್ತಾರೆ. ಕಿರಿಯರು ಅದನ್ನು ನಂಬಿ ಎಲ್ಲವನ್ನೂ ತಮ್ಮ ಕೈಗೆ ತೆಗೆದುಕೊಂಡುಬಿಡುತ್ತಾರೆ. ಆದರೆ ಆಯುಷ್ಯದಲ್ಲಿ ಹತ್ತಾರು ಜೋಡಿ ಎತ್ತುಗಳನ್ನು ಆರಿಸಿ ತಂದವರಿಗೆ ಹಳೆಯ ಕಾರನ್ನು ನೋಡುವ ವಿದ್ಯೆಯಲ್ಲಿ ಮುಕ್ಕಾಲು ಪಾಲು ಆಗಲೇ ಕರಗತವಾಗಿರುತ್ತದೆ. ಹೆಸರುಗಳು ಮಾತ್ರ ಬೇರೆ.

ಎತ್ತಿನ ವಯಸ್ಸನ್ನು ಅವರು ಮಾರುವವನ ಬಾಯಿಂದ ಕೇಳುವುದಿಲ್ಲ; ಎತ್ತಿನ ಬಾಯಿ ಬಿಡಿಸಿ ನೋಡುತ್ತಾರೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದ್ದೋ ಎಂಬುದು ಸುಳ್ಳು ಹೇಳಲಾರದ ಲೆಕ್ಕ. ಕಾರಿಗೂ ಹಲ್ಲುಂಟು. ತಯಾರಾದ ತಿಂಗಳು, ವರ್ಷ ನೋಂದಣಿ ಪತ್ರದಲ್ಲಿರುತ್ತವೆ; ಅದರಲ್ಲಿ ಬರೆದ ಚಾಸಿಸ್ ಸಂಖ್ಯೆ ಕಾರಿನ ಲೋಹದ ಮೇಲೆ ಕೆತ್ತಿದ ಸಂಖ್ಯೆಯೊಡನೆ ಅಕ್ಷರಶಃ ಹೊಂದಬೇಕು. ಟೈರಿನ ಮಗ್ಗುಲಲ್ಲಿ ನಾಲ್ಕು ಅಂಕಿಗಳ ಗುರುತಿರುತ್ತದೆ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದ ಟೈರು ಎಂದು ಅರ್ಥ. ಎಷ್ಟು ಕಿಲೋಮೀಟರು ಓಡಿದೆಯೆಂದು ತೋರಿಸುವ ಮೀಟರನ್ನು ಮಾತ್ರ ಹಲ್ಲೆಂದು ಭ್ರಮಿಸಬಾರದು. ಅದನ್ನು ಹಿಂದಕ್ಕೆ ತಿರುಗಿಸುವ ಕೈಚಳಕದವರುಂಟು. ಅದು ಎತ್ತಿನ ಹಲ್ಲಲ್ಲ, ದಲ್ಲಾಳಿಯ ಬಾಯಿ. ಮೀಟರು ಮೂವತ್ತು ಸಾವಿರವೆನ್ನುತ್ತಿರುವಾಗ ಬ್ರೇಕಿನ ಪೆಡಲಿನ ರಬ್ಬರು ಸವೆದು ನುಣುಪಾಗಿದ್ದರೆ, ಚಾಲಕನ ಆಸನ ಕುಸಿದಿದ್ದರೆ, ನಂಬಬೇಕಾದುದು ರಬ್ಬರನ್ನೇ. ಅಧಿಕೃತ ಸರ್ವೀಸ್ ಕೇಂದ್ರದ ದಾಖಲೆಯ ಪ್ರತಿಯನ್ನು ತರಿಸಿದರೆ ಯಾವ ವರ್ಷ ಎಷ್ಟು ಓಡಿತ್ತೆಂಬುದು ಸಾಲುಸಾಲಾಗಿ ಗೋಚರಿಸುತ್ತದೆ.

ಎತ್ತಿನ ಮೈಯ ಮೇಲೆ ಅವರು ಕೈಯಾಡಿಸುತ್ತಾರೆ. ಮುಚ್ಚಿಟ್ಟ ಹುಣ್ಣು ಬೆರಳಿಗೆ ಸಿಕ್ಕುತ್ತದೆ. ಕಾರಿನ ಮೈಯ ಮೇಲೂ ಬಿಸಿಲಿನಲ್ಲಿ ಹಾಗೆಯೇ ಕೈಯಾಡಿಸಬೇಕು. ಒಂದು ಬಾಗಿಲಿನ ಬಣ್ಣ ಉಳಿದುವಕ್ಕಿಂತ ತುಸು ಬೇರೆಯಾಗಿದ್ದರೆ, ತಗಡಿನ ಮೇಲೆ ಸೂಜಿಗಲ್ಲು ಹಿಡಿಯದಿದ್ದರೆ, ಅಲ್ಲಿ ಪೆಟ್ಟು ಬಿದ್ದು ಪುಟ್ಟಿ ಮೆತ್ತಿದ್ದಾರೆಂದು ಶಂಕಿಸಬಹುದು. ನೀರಿನಲ್ಲಿ ಮುಳುಗಿದ್ದ ಕಾರಾದರೆ ಅದರ ಗುಟ್ಟು ಆಸನಪಟ್ಟಿಯಲ್ಲಿದೆ. ಪಟ್ಟಿಯನ್ನು ಕೊನೆಯವರೆಗೆ ಎಳೆದು ನೋಡಿರಿ. ಒಳಭಾಗದಲ್ಲಿ ಕೆಸರಿನ ಗೆರೆಯಿದ್ದೀತು. 2019ರ ಆಗಸ್ಟಿನಲ್ಲಿ ಹಾವೇರಿ ಜಿಲ್ಲೆಯ ಹೊಳೆಸಾಲಿಗೆ ನೆರೆ ಬಂದುದನ್ನು ಕಂಡವರಿಗೆ, ತೊಳೆದಷ್ಟೂ ಉಳಿಯುವ ಹೊಳೆಯ ಮಣ್ಣಿನ ಗುಣವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಎತ್ತನ್ನು ನಡೆಸದೆ, ಹೆಗಲಿಗೆ ನೊಗ ಹೂಡದೆ ಅವರು ಹಣ ಎಣಿಸಿದುದುಂಟೇ? ಕಾರನ್ನೂ ಓಡಿಸಿಯೇ ನೋಡಬೇಕು. ಹೋದೊಡನೆ ಮುಂಭಾಗದ ಮುಚ್ಚಳವನ್ನು ಮುಟ್ಟಿರಿ. ಅದು ಆಗಲೇ ಬಿಸಿಯಾಗಿದ್ದರೆ, ನೀವು ಬರುವ ಮೊದಲೇ ಎಂಜಿನ್ನನ್ನು ಎಬ್ಬಿಸಿ ಅದರ ಬೆಳಗಿನ ಕೆಮ್ಮನ್ನು ಮರೆಸಿದ್ದಾರೆಂದು ತಿಳಿಯಬಹುದು. ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ. ಎಂಜಿನ್ನು ಬಿಸಿಯಾದ ಮೇಲೂ ದಟ್ಟವಾದ ಬಿಳಿಯ ಹೊಗೆ ನಿಲ್ಲದಿದ್ದರೆ ತಂಪುನೀರು ಒಳಗೆ ಸೋರುತ್ತಿರಬಹುದು. ಹೆದ್ದಾರಿಯ ಮೇಲೂ ಓಡಲಿ, ಹಳ್ಳಿಯ ಕಿತ್ತುಹೋದ ರಸ್ತೆಯ ಮೇಲೂ ಓಡಲಿ. ಅತ್ತೆಯವರೂ ಜೊತೆಗಿರಲಿ. ಮಂಡಿ ಮಡಿಸದೆ ಅವರು ಒಳಗೆ ಕುಳಿತು ಹೊರಗೆ ಇಳಿಯಬಲ್ಲರೇ ಎಂಬುದು ಎಂಜಿನ್ನಿನಷ್ಟೇ ಮುಖ್ಯವಾದ ಪರೀಕ್ಷೆ. ಕಾರು ಯಾರಿಗಾಗಿ ಎಂಬುದನ್ನು ಅಂಗಡಿಯ ಹೊಳಪಿನಲ್ಲಿ ಮರೆಯುವುದು ಬಹಳ ಸುಲಭ. ಪರೀಕ್ಷೆಗೆ ಮೆಕ್ಯಾನಿಕ್ ಒಬ್ಬನನ್ನು ಕರೆದೊಯ್ಯುವುದಾದರೆ ಅವನು ನಿಮ್ಮವನಾಗಿರಬೇಕು, ಮಾರುವವನು ತೋರಿಸಿದವನಲ್ಲ.

ಇಲ್ಲಿಯವರೆಗೆ ಹಿರಿಯರ ವಿದ್ಯೆ ಸಾಕು. ಅವರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಅದಕ್ಕೆ ಕಾರಣ ಅಜ್ಞಾನವಲ್ಲ, ಸೌಜನ್ಯ.

ದೇವರಗುಡ್ಡದ ಸೀಮೆಯಲ್ಲಿ ಮಾತಿಗೆ ದೊಡ್ಡ ಸ್ಥಾನವಿದೆ. ವರ್ಷಕ್ಕೊಮ್ಮೆ, ಮಹಾನವಮಿಯ ಸಮಯದಲ್ಲಿ, ಉಪವಾಸವಿದ್ದ ಗೊರವಯ್ಯನು ಬಿಲ್ಲನ್ನೇರಿ ಕಾರಣಿಕವನ್ನು ನುಡಿಯುತ್ತಾನೆ. ಒಂದೇ ಒಂದು ವಾಕ್ಯ. ಸಾವಿರಾರು ಜನ ಉಸಿರು ಬಿಗಿಹಿಡಿದು ಅದನ್ನು ಕೇಳಿ, ಮಳೆಬೆಳೆಗೂ ರಾಜಕಾರಣಕ್ಕೂ ಹಚ್ಚಿ ತಮ್ಮ ತಮ್ಮ ಅರ್ಥವನ್ನು ಮನೆಗೊಯ್ಯುತ್ತಾರೆ. ದೈವದ ನುಡಿಗೆ ಅದು ಸಲ್ಲುತ್ತದೆ. ಆದರೆ ಹಳೆಯ ಕಾರಿನ ವ್ಯಾಪಾರಿಯೂ ಒಂದು ಬಗೆಯ ಕಾರಣಿಕ ನುಡಿಯುವವನೇ. “ಒಬ್ಬರೇ ಓಡಿಸಿದ ಗಾಡಿ”, “ಡಾಕ್ಟರ ಗಾಡಿ”, “ಹೆಸರು ಆಮೇಲೆ ಆದೀತು, ಚಿಂತೆ ಬೇಡ” ಎಂಬ ಆತನ ವಾಕ್ಯಗಳಿಗೆ ನಾವು ನಮಗೆ ಬೇಕಾದ ಅರ್ಥವನ್ನೇ ಕೊಟ್ಟುಕೊಳ್ಳುತ್ತೇವೆ. ಇದನ್ನು ಬರೆದುಕೊಡಿರೆಂದು ಕೇಳುವುದು ಹಿರಿಯರಿಗೆ ಸಂಕೋಚ. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಕುದುರಿಸಿದ ಬೆಲೆಯನ್ನು ಎಂದೂ ಮುರಿಯದೆ ಬಾಳಿದವರು ಅವರು. ಕಾಗದ ಕೇಳಿದರೆ ಎದುರಿನವನ ಮಾತನ್ನು ಅವಮಾನಿಸಿದಂತೆ ಎಂದು ಅವರ ಭಾವನೆ.

ಈ ವ್ಯಾಪಾರದಲ್ಲಿ ಮಾತು ಏಕೆ ಸಾಲದೆಂಬುದನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ವಿವರಿಸಿದನು. ಅಲ್ಲಿಯವರು ಕೆಟ್ಟ ಕಾರನ್ನು ‘ನಿಂಬೆಹಣ್ಣು’ ಎನ್ನುತ್ತಾರೆ. ನಾವು ಪೂಜೆಯ ದಿನ ನಿಂಬೆಹಣ್ಣನ್ನು ಚಕ್ರದ ಕೆಳಗಿಡುತ್ತೇವೆ. ಅವರು ಕಾರಿಗೇ ಆ ಹೆಸರಿಟ್ಟರು. ಕಾರಿನ ಕುಂದು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದಕಾರಣ ಕೊಳ್ಳುವವನು ಅಂಜಿಕೆಯಿಂದ ನಡುಬೆಲೆಯನ್ನಷ್ಟೇ ಕೊಡಲು ಒಪ್ಪುತ್ತಾನೆ. ಒಳ್ಳೆಯ ಕಾರಿನ ಒಡೆಯನು ಆ ಬೆಲೆಗೆ ಮಾರಲೊಲ್ಲದೆ ಸಂತೆಯಿಂದ ಹಿಂದೆಗೆಯುತ್ತಾನೆ. ಕೆಟ್ಟವು ಸಂತೆಯಲ್ಲಿ ಉಳಿಯುತ್ತವೆ. ಇದೇ ಆತನ ವಾದದ ತಿರುಳು. 2001ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನವನ್ನು ಆತ ಇನ್ನಿಬ್ಬರೊಡನೆ ಹಂಚಿಕೊಂಡನು. ಇದರಿಂದ ನಾವು ತಿಳಿಯಬೇಕಾದುದು ಇಷ್ಟೇ: ಮಾರುವವನೆಂದರೆ ಮೋಸಗಾರನೆಂದಲ್ಲ, ಪ್ರಾಮಾಣಿಕ ವ್ಯಾಪಾರಿಗೂ ತನ್ನ ಪ್ರಾಮಾಣಿಕತೆಯನ್ನು ತೋರಿಸಲು ಮಾತಿಗಿಂತ ಗಟ್ಟಿಯಾದ ಸಾಧನ ಬೇಕು. ಕಾಗದ ಕೇಳುವವನು ಒಳ್ಳೆಯ ವ್ಯಾಪಾರಿಗೆ ಉಪಕಾರವನ್ನೇ ಮಾಡುತ್ತಾನೆ.

ಕಾಗದವಿಲ್ಲದಿದ್ದರೆ ಮಾರಿದವನಿಗೂ ಕೇಡು ತಪ್ಪದು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಒಂದು ಮೊಕದ್ದಮೆ ಇತ್ಯರ್ಥವಾಯಿತು. ಕಾರಿನ ಒಡೆಯನು 2007ರಲ್ಲಿಯೇ ಅದನ್ನು ಮಾರಿದ್ದನು. ಕಾರು ಕೈಯಿಂದ ಕೈಗೆ ದಾಟಿತು. ನೋಂದಣಿಯಲ್ಲಿ ಹೆಸರು ಮಾತ್ರ ಬದಲಾಗಲಿಲ್ಲ. 2009ರಲ್ಲಿ ಅದರಿಂದ ಅಪಘಾತವಾಗಿ ಪ್ರಾಣಹಾನಿ ಸಂಭವಿಸಿತು. ಕಾಯಿದೆಯ ದೃಷ್ಟಿಯಲ್ಲಿ ಒಡೆಯನೆಂದರೆ ನೋಂದಣಿಯಲ್ಲಿ ಹೆಸರಿರುವವನೇ ಎಂದು ನ್ಯಾಯಾಲಯ ತೀರ್ಮಾನಿಸಿತು. ಪರಿಹಾರದ ಹೊಣೆ ಎರಡು ವರ್ಷ ಮೊದಲೇ ಕಾರು ಮಾರಿದ್ದವನ ತಲೆಗೆ ಬಂದಿತು. “ಹೆಸರು ಆಮೇಲೆ ಆದೀತು” ಎಂಬ ಮಾತಿನ ಬೆಲೆ ಇಷ್ಟು.

ಹಾಗಾದರೆ ಕೇಳಬೇಕಾದ ಕಾಗದಗಳಾವುವು? ಒಂದೊಂದಾಗಿ ಹೇಳುತ್ತೇನೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರದ ನಿಯಮಗಳ ಪ್ರಕಾರ, ನೋಂದಾಯಿತ ಹಳೆಯ ವಾಹನಗಳ ವ್ಯಾಪಾರಿಯು ಸಾರಿಗೆ ಪ್ರಾಧಿಕಾರದಿಂದ ಅಧಿಕಾರಪತ್ರ ಪಡೆದಿರಬೇಕು. ಅದರ ಅವಧಿ ಐದು ವರ್ಷ. ಒಡೆಯನು ಕಾರನ್ನು ಇಂಥ ವ್ಯಾಪಾರಿಗೆ ಒಪ್ಪಿಸಿದೊಡನೆ ಆ ವಿಷಯವನ್ನು ನಮೂನೆ 29ಸಿ ಮೂಲಕ ಕಚೇರಿಗೆ ತಿಳಿಸಬೇಕು. ಅಲ್ಲಿಂದ ಮುಂದೆ ಕಾರಿನ ಹೊಣೆ ವ್ಯಾಪಾರಿಯದು. ಆದುದರಿಂದ ಮೊದಲ ಪ್ರಶ್ನೆ: ಅಧಿಕಾರಪತ್ರ ಎಲ್ಲಿದೆ? ಎರಡನೆಯದು, ಮಾರಾಟದ ನಮೂನೆ 29 ಮತ್ತು 30. ಕೊಂಡವನು 30 ದಿನಗಳೊಳಗೆ ತನ್ನ ಹೆಸರಿಗೆ ವರ್ಗಾವಣೆಗೆ ಅರ್ಜಿ ಸಲ್ಲಿಸಬೇಕು. ಮೂರನೆಯದು, ಕಾರಿನ ಮೇಲೆ ಬ್ಯಾಂಕಿನ ಸಾಲವಿದ್ದಿತೇ ಎಂಬುದು. ಎತ್ತನ್ನು ಅಡವಿಟ್ಟವರು ಅಪರೂಪ. ಕಾರನ್ನು ಅಡವಿಡದವರೇ ಅಪರೂಪ. ಸಾಲ ತೀರಿದ್ದರೆ ಬ್ಯಾಂಕಿನ ಪತ್ರವೂ ನಮೂನೆ 35ಊ ಬೇಕು. ನಾಲ್ಕನೆಯದು ವಿಮೆ: 14 ದಿನಗಳೊಳಗೆ ವಿಮೆಯನ್ನು ಹೊಸ ಒಡೆಯನ ಹೆಸರಿಗೆ ಬದಲಾಯಿಸಲು ಕೇಳಬೇಕು, ಹಳೆಯ ಒಡೆಯನು ಗಳಿಸಿದ ರಿಯಾಯಿತಿ ಕಾರಿನೊಡನೆ ಬರುವುದಿಲ್ಲ. ಖಾಸಗಿ ಕಾರಿನ ನೋಂದಣಿಗೆ 15 ವರ್ಷದ ಆಯುಷ್ಯ. ಹದಿನಾಲ್ಕನೆಯ ವರ್ಷದ ಕಾರು ಅಗ್ಗವಾಗಿ ಕಂಡರೆ ಕಾರಣ ಅದೇ ಇರಬಹುದು. ಸರ್ಕಾರದ ವಾಹನ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ಹಾಕಿದರೆ ವಿಮೆ, ಅಡವು, ತೆರದ ದಂಡ ಮುಂತಾದವುಗಳ ಸ್ಥಿತಿ ತಿಳಿಯುತ್ತದೆ. ಕಿರಿಯನ ಫೋನಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ಬೇರೆಯಿಲ್ಲ.

ಬೆಲೆಯ ವಿಷಯದಲ್ಲಿ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಹೊಸ ಕಾರುಗಳ ಮೇಲಿನ ತೆರಿಗೆಯನ್ನು ಶೇಕಡ 28ರಿಂದ 18ಕ್ಕೆ ಇಳಿಸಲಾಯಿತು. ಹೊಸದರ ಬೆಲೆ ಇಳಿದಾಗ ಹಳೆಯದರ ಬೆಲೆಯೂ ಇಳಿಯಬೇಕಾದುದು ನ್ಯಾಯ. ಅದಕ್ಕೂ ಹಿಂದಿನ ಬೆಲೆಯನ್ನು ಮುಂದಿಟ್ಟು ಮಾತನಾಡುವವರೊಡನೆ ಈ ಲೆಕ್ಕವನ್ನು ಎತ್ತಬಹುದು. “ಇಂದೇ ಮುಂಗಡ ಕೊಡದಿದ್ದರೆ ನಾಳೆ ಗಾಡಿ ಸಿಕ್ಕದು” ಎಂಬ ಮಾತಿಗೆ ಉತ್ತರ ಮಾವನವರಿಗೆ ಗೊತ್ತು: ಸಂತೆಯಲ್ಲಿ ದಲ್ಲಾಳಿ ಅವಸರ ಮಾಡಿದಾಗ ಮರದ ನೆರಳಿನಲ್ಲಿ ಕುಳಿತು ಚಹಾ ಕುಡಿಯುವುದು.

ಇಷ್ಟೆಲ್ಲ ನೋಡಿಯೂ ಮೋಸವಾದರೆ ದಾರಿಯುಂಟು. ವ್ಯಾಪಾರಿಯಿಂದ ರಸೀದಿಯೊಡನೆ ಕೊಂಡವನು ಗ್ರಾಹಕ. 2019ರ ಗ್ರಾಹಕ ರಕ್ಷಣಾ ಕಾಯಿದೆಯಂತೆ ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಕಾರನ್ನು ಹುಬ್ಬಳ್ಳಿಯಲ್ಲಿ ಕೊಂಡಿದ್ದರೂ ದೇವರಗುಡ್ಡದವರು ಹಾವೇರಿಯ ಆಯೋಗಕ್ಕೆ ಹೋದರೆ ಸಾಕು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಅವಧಿ ಎರಡು ವರ್ಷ. ಆದರೆ ಆಯೋಗ ಕೇಳುವುದೂ ಕಾಗದವನ್ನೇ. “ಅಪಘಾತವಾಗಿಲ್ಲ, ಮೀಟರು ತಿದ್ದಿಲ್ಲ” ಎಂಬುದನ್ನು ರಸೀದಿಯ ಮೇಲೆ ಬರೆಯಿಸಿಕೊಂಡಿದ್ದರೆ ಆ ಒಂದು ಸಾಲು ವಕೀಲನಿಗೆ ಸಮ.

ಕೊನೆಯದಾಗಿ, ಜೊತೆಗೆ ಹೋಗುವ ಕಿರಿಯರಿಗೆ. ಅಂಗಡಿಯ ಮಾರಾಟಗಾರನು ಪ್ಯಾಂಟು ಹಾಕಿದ ನಿಮ್ಮ ಮುಖ ನೋಡಿ ಮಾತನಾಡತೊಡಗುತ್ತಾನೆ. ಪಂಚೆಯುಟ್ಟ ಹಿರಿಯರು, ಹಣ ಅವರದೇ ಆಗಿದ್ದರೂ, ಪಕ್ಕದ ಕುರ್ಚಿಯಲ್ಲಿ ಅತಿಥಿಯಂತೆ ಉಳಿಯುತ್ತಾರೆ. ಅಲ್ಲಿ ನೀವು ಹೇಳಬೇಕಾದುದು ಒಂದೇ: “ಕೊಳ್ಳುವವರು ಅವರು; ಅವರಿಗೆ ಹೇಳಿ.” ಸಂಕೋಚ ಬಿಟ್ಟು ಕಾಗದ ಕೇಳುವ ಕೆಲಸ ನಿಮ್ಮದು, ಬೇಕು, ಬೇಡ ಎನ್ನುವ ಅಧಿಕಾರ ಅವರದು. ಐವತ್ತೈದು ದಾಟಿದವರ ಚಾಲನಾ ಪರವಾನಗಿಯನ್ನು ಐದು ವರ್ಷಕ್ಕೊಮ್ಮೆ ವೈದ್ಯರ ಪ್ರಮಾಣಪತ್ರದೊಡನೆ ನವೀಕರಿಸಬೇಕೆಂಬುದನ್ನೂ ಮನೆಯಲ್ಲಿಯೇ ಮೆಲ್ಲಗೆ ಹೇಳಿರಿ; ಅಂಗಡಿಯವರೆದುರು ಬೇಡ. ಮೂರು ಲಕ್ಷ ಹೋದರೆ ಎರಡು ಬೆಳೆಯಲ್ಲಿ ಮರಳಿ ಬಂದೀತು. “ನನಗೇನೂ ತಿಳಿಯದು” ಎಂಬ ಭಾವನೆ ಒಮ್ಮೆ ಹಿರಿಯರ ಮನಸ್ಸಿನಲ್ಲಿ ಗಟ್ಟಿಯಾದರೆ ಅದನ್ನು ಹಿಂದಕ್ಕೆ ತರುವ ಬೆಳೆ ಯಾವುದೂ ಇಲ್ಲ.

ಹೊಸ ಹೆಸರಿನ ನೋಂದಣಿ ಪತ್ರ ಕೈಗೆ ಬಂದ ದಿನವೇ ಕಾರು ನಿಜವಾಗಿ ಮನೆಗೆ ಬಂದ ದಿನ. ಚಕ್ರದ ಕೆಳಗಿನ ನಿಂಬೆಹಣ್ಣನ್ನು ಅಂದಿನವರೆಗೆ ತೆಗೆದಿರಿಸಿರಿ.