ಗಂಟಿನಲ್ಲಿ ಏನಿರಬೇಕು?

ಉಚಿತ ತಂತ್ರಾಂಶದೊಡನೆ ಅನ್ಯರ ಸಲಕರಣೆಗಳನ್ನೂ ಗಂಟು ಕಟ್ಟಿ ಕೊಡಬೇಕೆ, ಅಥವಾ ಬೇಕಾದವರು ಅವನ್ನು ಪ್ರತ್ಯೇಕವಾಗಿ ಅಳವಡಿಸಿಕೊಳ್ಳಲೆಂದು ಬಿಡಬೇಕೆ? ಈ ವಿವಾದವನ್ನು ತಂತ್ರಜ್ಞರ ಮನೆಜಗಳವೆಂದು ನಾವು ಕಡೆಗಣಿಸುತ್ತ ಬಂದಿದ್ದೇವೆ. ಇದು ಭಾಷೆಯ ಪ್ರಶ್ನೆಯೂ ಹೌದೆಂಬುದು ನನ್ನ ವಾದ.

ಗಂಟನ್ನು ವಿರೋಧಿಸುವವರಿಗೆ ಸಕಾರಣವಿದೆ. ಚಿತ್ರಗಳನ್ನು ತಿದ್ದುವ ‘ಗಿಂಪ್’ ತಂತ್ರಾಂಶದ ವಿಂಡೋಸ್ ಆವೃತ್ತಿ ‘ಸೋರ್ಸ್‌ಫೋರ್ಜ್’ ತಾಣದ ಮೂಲಕ ದೊರೆಯುತ್ತಿತ್ತು. ಅಲ್ಲಿನ ದಾರಿತಪ್ಪಿಸುವ ಜಾಹೀರಾತುಗಳಿಂದ ಬೇಸತ್ತ ಗಿಂಪ್ ತಂಡ 2013ರಲ್ಲಿ ಹೊರನಡೆಯಿತು. 2015ರಲ್ಲಿ ಅದೇ ತಾಣವು ಬಿಟ್ಟುಹೋದವರ ಪುಟವನ್ನು ವಶಪಡಿಸಿಕೊಂಡು, ಜಾಹೀರಾತಿನ ಸರಕು ಸುತ್ತಿದ ಗಿಂಪನ್ನು ಹಂಚಿತು. 2016ರಲ್ಲಿ ಬಂದ ಹೊಸ ಒಡೆಯರು ಆ ಪದ್ಧತಿಯನ್ನು ಕೊನೆಗಾಣಿಸಿದರು. ‘ಬೇಡದವರು ಗುರುತು ತೆಗೆಯಬಹುದಲ್ಲ’ ಎಂಬ ಸಮರ್ಥನೆಯನ್ನು ನಾನು ಒಪ್ಪಲಾರೆ. ಮೊದಲೇ ಗುರುತು ಹಾಕಿಟ್ಟ ಚೌಕವನ್ನು ಬಳಕೆದಾರನ ಸಮ್ಮತಿಯೆನ್ನುವುದು ವಂಚನೆ.

ಹಾಗೆಂದು ‘ಎಲ್ಲವೂ ಪ್ರತ್ಯೇಕವಿರಲಿ’ ಎಂಬುದೂ ನ್ಯಾಯವಲ್ಲ. ಧ್ವನಿ ಸಂಕಲನದ ‘ಆಡಾಸಿಟಿ’ಯೊಡನೆ ಎಂಪಿ3 ಕಡತ ತಯಾರಿಸುವ ‘ಲೇಮ್’ ಬಹುಕಾಲ ಬರುತ್ತಿರಲಿಲ್ಲ. ಪೇಟೆಂಟ್‌ಗಳ ತೊಡಕು ಅದಕ್ಕೆ ಕಾರಣವಾಗಿತ್ತು. 2017ರಲ್ಲಿ ಆ ತೊಡಕು ನೀಗಿತು. 2019ರಿಂದ ಲೇಮ್ ಒಳಗೇ ಸೇರಿ ಬರುತ್ತಿದೆ. ಇದರಿಂದ ಯಾರ ಸ್ವಾತಂತ್ರ್ಯವೂ ಕುಂದಲಿಲ್ಲ.

ಇನ್ನು ಕನ್ನಡದ ಮಾತು. ಮುದ್ರಿತ ಪುಟದ ಅಕ್ಷರಗಳನ್ನು ಗುರುತಿಸುವ ‘ಟೆಸರಾಕ್ಟ್’ ತಂತ್ರಾಂಶವನ್ನು ಡೆಬಿಯನ್ ಗಣಕದಲ್ಲಿ ಅಳವಡಿಸಿದರೆ ಇಂಗ್ಲಿಷ್ ತಾನಾಗಿ ಬರುತ್ತದೆ. ಕನ್ನಡವನ್ನು ಬೇರೆಯಾಗಿ ಹುಡುಕಿ ತರಬೇಕು. ಅದು ಅನ್ಯರ ಸರಕೂ ಅಲ್ಲ, ಅದೇ ಯೋಜನೆಯ ಮುಕ್ತ ದತ್ತಾಂಶ! ಆನೆ ಕೊಟ್ಟು ಅಂಕುಶಕ್ಕೆ ಜಗಳವಾಡುವ ರೀತಿಯಿದು. ಹೊರನಾಡ ಸಂಘವೊಂದು ತನ್ನ ಹಳೆಯ ಸಂಚಿಕೆಗಳನ್ನು ಗಣಕಕ್ಕೇರಿಸಲು ಹೊರಟರೆ, ಹುಡುಕಬೇಕೆಂಬುದನ್ನೂ ತಿಳಿಯದ ಕಾರ್ಯಕರ್ತ ‘ಇದಕ್ಕೆ ಕನ್ನಡ ಬಾರದು’ ಎಂದು ಕೈಬಿಡುವ ಅಪಾಯವಿದೆ.

ಎಲ್ಲ ಭಾಷೆಗಳನ್ನೂ ತುಂಬಿದರೆ ಗಂಟು ಭಾರವಾಗುವುದೆಂಬ ಆಕ್ಷೇಪ ನಿಜ. ಪರಿಹಾರ ಸರಳ: ಅಳವಡಿಸುವಾಗಲೇ ಭಾಷೆ ಯಾವುದೆಂದು ಕೇಳಲಿ. ಜಾಹೀರಾತು ಸರಕಿಗೆ ಚೌಕ ಬರೆಯಲು ಇದ್ದ ಸ್ಥಳ ನಮ್ಮ ನುಡಿಗೆ ಇಲ್ಲವೆ?

ಗಂಟಿನ ಒಳಗಿರುವುದು ಯಾರ ಪ್ರಯೋಜನಕ್ಕಾಗಿ ಎಂಬುದೇ ಒರೆಗಲ್ಲು. ಹಂಚುವವನ ಗಳಿಕೆಗಾಗಿ ಸೇರಿಸಿದ್ದು ಹೊರಗಿರಲಿ. ಬಳಸುವವನ ಕೆಲಸಕ್ಕೆ ಅಗತ್ಯವಾದ ಮುಕ್ತ ಸಲಕರಣೆ ಒಳಗಿರಲಿ. ನಮ್ಮ ಸಂಘಗಳು ಇದನ್ನು ತಂತ್ರಾಂಶ ತಯಾರಕರಿಗೆ ಬರೆದು ತಿಳಿಸಬೇಕು. ಕೇಳದವರ ಭಾಷೆಯನ್ನು ಯಾರೂ ತಾವಾಗಿ ಗಂಟಿಗೆ ಸೇರಿಸುವುದಿಲ್ಲ.